ಬೀಗರಿಗಾಗಿ ಬಿಯರಿನ ನಳ

ನಮ್ಮ ಭಾವ ಇಂದಿನವರೆಗೆ ಒಂದು ಹನಿ ಬಿಯರ್ ಬಾಯಿಗೆ ಹಾಕಿದವರಲ್ಲ. ಸೋಡಾ ಕುಡಿದರೂ ತೇಗುವ ಮುಂಚೆ ಅತ್ತಿತ್ತ ನೋಡುವ ಸಂಭಾವಿತರು. ಆದರೆ ನಾಗಪುರದಲ್ಲಿ ಸ್ವಂತ ಮನೆಯ ಹಿಂದಿನ ವರಾಂಡದಲ್ಲಿ ಬಿಯರ್ ಬರುವ ನಳ ಕೂಡಿಸಿದ ಮಹಾನುಭಾವರು ಯಾರಾದರೂ ಇದ್ದರೆ ಅವರು ಇವರೇ! ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ದಣಿವಿನಿಂದ ಹೇಳುತ್ತಿದ್ದೇನೆ. ಆ ನಳದ ಹಿಂದೆ ನನ್ನ ಒಂದು ಇಡೀ ಚಳಿಗಾಲದ ಭಾನುವಾರಗಳು ಹೂತುಹೋಗಿವೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಭಾವನಿಗೇನೂ ಬೇಸರವಾಗದು, ಅಕ್ಕ ಮಾತ್ರ ನನಗೆ ಊಟ ಹಾಕುವುದನ್ನು ನಿಲ್ಲಿಸುತ್ತಾಳೆ. ಬ್ಯಾಂಕಿನವರು ನನ್ನನ್ನು ಗದಗಿನಿಂದ ನಾಗಪುರಕ್ಕೆ ಎತ್ತಿ ಹಾಕಿದಾಗ, ಅಲ್ಲಿ ಅಕ್ಕನ ಮನೆ ಇದೆಯಲ್ಲ ಎಂಬ ಧೈರ್ಯದ ಮೇಲೆ ಬಂದೆ. ಅಕ್ಕನ ಮನೆಯಲ್ಲಿ ಭಾವನೂ ಇರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಭಾವ ಊರ ಹತ್ತಿರದ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಜೀವಮಾನವಿಡೀ ಮೀಟರುಗಳನ್ನು ನೋಡಿಕೊಂಡವರು. ಯಾವ ಕೊಳವೆಯಲ್ಲಿ ಎಷ್ಟು ಒತ್ತಡ, ಯಾವ ಮೂಲೆಯಲ್ಲಿ ಎಷ್ಟು ಶಾಖ, ಎಲ್ಲ ಅವರ ಕಣ್ಣಳತೆಯಲ್ಲಿತ್ತು. ನಿವೃತ್ತರಾದ ಮೇಲೆ ಮೀಟರುಗಳು ಅವರನ್ನು ಬಿಟ್ಟವೇ ಹೊರತು ಅವರು ಮೀಟರುಗಳನ್ನು ಬಿಡಲಿಲ್ಲ. ಮನೆಯ ಕೂಲರಿನಲ್ಲಿ ನೀರು ತಗ್ಗಿದರೆ ಗಂಟೆ ಬಾರಿಸುತ್ತದೆ, ನಡುಮಧ್ಯಾಹ್ನ ಮಲಗಿದವರೆಲ್ಲ ಎದ್ದು ಕೂಡುತ್ತಾರೆ. ಅಕ್ಕನ ಕುಕ್ಕರಿಗೊಂದು ಒತ್ತಡದ ಮೀಟರು ಕೂಡಿಸಿ, ಸೀಟಿ ಎಣಿಸುವುದು ಅನಾಗರಿಕ ಪದ್ಧತಿ ಎಂದು ಉಪನ್ಯಾಸ ಕೊಟ್ಟರು. ಅಕ್ಕ ಆ ಮೀಟರಿಗೆ ಕೈಯೊರಸುವ ಅರಿವೆ ತೂಗುಹಾಕಿ ಇವತ್ತಿಗೂ ಸೀಟಿಯನ್ನೇ ಎಣಿಸುತ್ತಾಳೆ.

ಇಂಥವರ ಒಬ್ಬಳೇ ಮಗಳು ಅಕ್ಷತಾ. ಅವಳಿಗೆ ಕಾಮಠಿಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಹುಡುಗನ ತಂದೆ ಮೂಲತಃ ಗೋಕಾಕದ ಕಡೆಯವರು. ಫೌಜಿನಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಕಾಮಠಿಯಲ್ಲೇ ಮನೆ ಕಟ್ಟಿದವರು. ಭಾವನ ಮನೆಯಿಂದ ಕಾಮಠಿಗೆ ಸ್ಕೂಟರಿನಲ್ಲಿ ಅರ್ಧ ತಾಸು. ಮಗಳನ್ನು ಅಷ್ಟು ಹತ್ತಿರ ಕೊಡುವ ಭಾಗ್ಯ ಎಷ್ಟು ತಂದೆಯರಿಗೆ ಸಿಕ್ಕೀತು? ಭಾವನಿಗೆ ಸಂತೋಷವಾಯಿತೋ ಸಂಕಟವಾಯಿತೋ ಗೊತ್ತಾಗಲಿಲ್ಲ. ಅವರ ಮೈಮೇಲೆ ಮಾತ್ರ ಯಾರೂ ಮೀಟರು ಕೂಡಿಸಿಲ್ಲ ನೋಡಿ.

ಮಾತುಕತೆಗೆ ಬಂದ ದಿನ ಸುಬೇದಾರರು ಅಕ್ಕ ಕೊಟ್ಟ ನಿಂಬೆಹಣ್ಣಿನ ಶರಬತ್ತು ಕುಡಿದು, ಮೀಸೆ ಒರಸಿಕೊಂಡು, ಸುಮ್ಮನೆ ಹಳೆಯ ನೆನಪು ತೆಗೆದರು. ಪಲ್ಟನ್ನಿನ ಮೆಸ್ಸಿನಲ್ಲಿ ನಳದಿಂದ ನೇರ ಹಿಡಿದ ಬಿಯರ್ ಕುಡಿಯುತ್ತಿದ್ದರಂತೆ, ಬಾಟಲಿಯದು ಅದರ ಮುಂದೆ ಏನೂ ಅಲ್ಲವಂತೆ, ಈಗ ಅದು ತಪ್ಪಿಯೇ ಹೋಯಿತಂತೆ. ಅಷ್ಟೇ. ಆಮೇಲೆ ಮಾತು ಮಂಗಲ ಕಾರ್ಯಾಲಯದ ಕಡೆಗೆ ಹೊರಳಿತು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲ್ಲಿಗೇ ಮರೆಯುತ್ತಿದ್ದರು. ಹೆಣ್ಣು ಕೊಡುವ ತಂದೆ ಮರೆಯುತ್ತಾರೆಯೇ? ಬೀಗರು ಸೆಕೆ ಎಂದರೆ ಪಂಖಾ ಕೇಳಿದರು ಎಂದು, ಹಪ್ಪಳ ಚೆನ್ನಾಗಿದೆ ಎಂದರೆ ಡಬ್ಬಿ ತುಂಬಿ ಕಳಿಸಬೇಕು ಎಂದು ಅರ್ಥ ಮಾಡಿಕೊಳ್ಳುವ ಜನ ನಾವು! ಅವರು ಹೋದ ಮೇಲೆ ಭಾವ ನನ್ನನ್ನು ಮೂಲೆಗೆ ಕರೆದರು.

"ತಮ್ಮಾ, ಬೀಗರು ಬಾಯಿ ಬಿಟ್ಟು ಕೇಳ್ಯಾರ. ಊಟಕ್ಕ ಕರದ ದಿವಸ ಅವರಿಗೆ ನಳದ ಬಿಯರ್ ಕೊಡಬೇಕು."

ಮದುವೆಗೆ ಮುಂಚೆ ಬೀಗರನ್ನು ಊಟಕ್ಕೆ ಕರೆಯುವುದಿತ್ತು. ಎರಡು ಬಾಟಲಿ ತಂದಿಟ್ಟರಾಯಿತಲ್ಲ ಎಂದೆ. ಅವರಿಗೆ ಎರಡನೆಯ ದರ್ಜೆಯದು ಕೊಟ್ಟು, ನನ್ನ ಮಗಳನ್ನು ಮಾತ್ರ ಮೊದಲನೆಯ ದರ್ಜೆಯಲ್ಲಿ ನೋಡಿಕೊಳ್ಳಿರಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದರು ಭಾವ. ಹಾಗಾದರೆ ಯಾವುದಾದರೂ ಹೋಟೆಲಿಗೆ ಕರೆದೊಯ್ಯೋಣ ಎಂದೆ. ಬೀಗರ ಊಟವನ್ನು ಹೋಟೆಲಿನಲ್ಲಿ ಹಾಕುವವರು ಮಗಳನ್ನೂ ಅಲ್ಲಿಂದಲೇ ಕಳಿಸಿಕೊಡಲಿ ಎಂದು ಸಿಟ್ಟಾದರು. ಬ್ಯಾಂಕಿನ ಬೀಳ್ಕೊಡುಗೆಯೊಂದರಲ್ಲಿ ನಾನು ಅರ್ಧ ಗ್ಲಾಸು ಬಿಯರ್ ಕುಡಿದ ಸಂಗತಿ ಅವರಿಗೆ ಗೊತ್ತಿತ್ತು. ಆ ಅರ್ಧ ಗ್ಲಾಸಿನ ಆಧಾರದ ಮೇಲೆ ನನ್ನನ್ನು ಈ ವಿಷಯದ ಪಂಡಿತನನ್ನಾಗಿ ನೇಮಿಸಿದರು.

ನಾಗಪುರದ ಅಂಚಿನ ವಾಡಿಯ ಗೋದಾಮೊಂದರಲ್ಲಿ ಐಸ್‌ಕ್ರೀಂ ಇಡುವ ಹಳೆಯ ಫ್ರೀಜರ್ ಇದೆ, ಮೇಲಿನಿಂದ ಮುಚ್ಚಳ ತೆರೆಯುವಂಥದ್ದು, ಎಂದು ಯಾರೋ ಹೇಳಿದರು. ಲಾರಿಗಳ ಸಂದಿಯಲ್ಲಿ ಹುಡುಕಿ, ಟೆಂಪೊದಲ್ಲಿ ಹೇರಿಸಿಕೊಂಡು ತಂದೆವು. ಭಾವ ಮುಂದೆ ಡ್ರೈವರನ ಪಕ್ಕ, ನಾನು ಹಿಂದೆ ಫ್ರೀಜರನ್ನು ತಬ್ಬಿಕೊಂಡು ಅಮರಾವತಿ ರಸ್ತೆಯ ಧೂಳು ಕುಡಿಯುತ್ತ. ಅಕ್ಕ ಬಾಗಿಲಲ್ಲಿ ನಿಂತು ಅದನ್ನು ಉದ್ದಕ್ಕೂ ನೋಡಿ, ಆಮೇಲೆ ಭಾವನನ್ನೂ ಉದ್ದಕ್ಕೂ ನೋಡಿ, ಇದರೊಳಗೆ ಒಬ್ಬ ಮನುಷ್ಯ ಹಿಡಿಯುತ್ತಾನೆಯೇ ಎಂದು ನನ್ನನ್ನು ಕೇಳಿದಳು.

ಯೋಜನೆ ಕೇಳಲು ಸರಳ. ಬಿಯರ್ ತುಂಬಿದ ಉಕ್ಕಿನ ಪೀಪಾಯಿ ಫ್ರೀಜರಿನೊಳಗೆ ತಣ್ಣಗೆ ಕೂಡಬೇಕು. ಪಕ್ಕದಲ್ಲಿ ಗ್ಯಾಸಿನ ಸಿಲಿಂಡರು. ಗ್ಯಾಸು ಬಿಯರನ್ನು ನೂಕಬೇಕು, ಬಿಯರು ಕೊಳವೆಯಲ್ಲಿ ಹರಿದು ಹೊರಗಿನ ನಳಕ್ಕೆ ಬರಬೇಕು. ನಳ ಹೊರಗೆ ಬರಬೇಕಾದರೆ ಫ್ರೀಜರಿಗೆ ತೂತು ಬೀಳಬೇಕಲ್ಲ? ಭಾವ ಅದರ ಮಗ್ಗುಲಿಗೆ ಕಿವಿ ಹಚ್ಚಿ, ಬೆರಳಿನಿಂದ ತಟ್ಟಿ, ತಂಪಿನ ಪೈಪು ಈ ಜಾಗದಲ್ಲಿ ಇಲ್ಲ ಎಂದು ತೀರ್ಪು ಕೊಟ್ಟು ಡ್ರಿಲ್ ಒತ್ತಿದರು. ಒಂದು ದೀರ್ಘ ನಿಟ್ಟುಸಿರು ಕೇಳಿಸಿತು. ನಾನು ನನ್ನದೇ ಎಂದುಕೊಂಡೆ. ಅಲ್ಲ, ಫ್ರೀಜರಿನದು! ಒಳಗಿನ ಗ್ಯಾಸೆಲ್ಲ ಹೊರಟುಹೋಗಿ ಅದು ತಣ್ಣಗಾಗುವ ಬದಲು ತಣ್ಣಗೆ ಸತ್ತಿತ್ತು. ತಪ್ಪು ತಮ್ಮದಲ್ಲ, ಪೈಪು ಇರಬಾರದ ಜಾಗದಲ್ಲಿತ್ತು ಎಂದರು ಭಾವ. ಅಕ್ಕ ಅದರಲ್ಲಿ ಗೋಧಿ ತುಂಬಿದಳು. ಮುಂದಿನ ಭಾನುವಾರ ನಾನು ಮತ್ತೆ ವಾಡಿಯ ಧೂಳು ಕುಡಿದೆ.

ಎರಡನೆಯ ಫ್ರೀಜರಿಗೆ ಭಾವ ಡ್ರಿಲ್ ಮುಟ್ಟಿಸಲಿಲ್ಲ. ಮುಚ್ಚಳ ಕಳಚಿ, ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಗೇಣೆತ್ತರದ ಕಟ್ಟಿಗೆಯ ಚೌಕಟ್ಟು ಕೂಡಿಸಿ, ನಳವನ್ನು ಆ ಕಟ್ಟಿಗೆಗೆ ಜೋಡಿಸಿದರು. ಇದು ನಿಜಕ್ಕೂ ಜಾಣತನ, ಒಪ್ಪಬೇಕು. ಅದನ್ನು ಹೊಗಳುವ ಶಕ್ತಿ ಮಾತ್ರ ಅಷ್ಟೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಫ್ರೀಜರಿಗೆ ಗೊತ್ತಿರುವುದು ಹೆಪ್ಪುಗಟ್ಟಿಸುವುದೊಂದೇ. ಆದ್ದರಿಂದ ಬೇಕಾದಷ್ಟು ತಂಪಾದೊಡನೆ ಕರೆಂಟು ಕಡಿಯುವ ಒಂದು ಮೀಟರನ್ನೂ ಕೂಡಿಸಿದರು. ಅದನ್ನು ಕೂಡಿಸಿದ ದಿನ ಭಾವ ಹಬ್ಬದ ಕಳೆಯಲ್ಲಿದ್ದರು.

ಅದೇ ದಿನ ಅಕ್ಷತಾಳ ತಾಳ್ಮೆ ಮುಗಿಯಿತು. "ಅಪ್ಪಾ, ಅವರು ಏನೂ ಕೇಳಿಲ್ಲ. ನನ್ನ ಸಲುವಾಗಿ ನೀ ಹಿಂಗ ಒದ್ದಾಡೂದು ನನಗ ಸೇರಂಗಿಲ್ಲ," ಎಂದಳು. ಆಮೇಲೆ ಮಾತು ಬಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಸಮಾಧಾನ ಮಾಡಲು ಹೊರಟ ನನ್ನ ತೋಳು ಹಿಡಿದು ಭಾವ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೋಗಿ ಅವಳ ಪಕ್ಕ ಏನನ್ನೋ ಇಟ್ಟು, ಒಂದು ಮಾತೂ ಆಡದೆ ಮರಳಿದರು. ಸ್ಪ್ಯಾನರ್ ಇರಬೇಕೆಂದು ನಾನು ಅಂದುಕೊಂಡೆ.

ಮಗಳು ಹೋಗುತ್ತಾಳೆ ಎಂಬುದರ ಬಗ್ಗೆ ಈ ಮನುಷ್ಯ ಒಂದು ಮಾತೂ ಆಡುವುದಿಲ್ಲ, ಪೈಪು ನಳ ಬಿಟ್ಟರೆ ಬೇರೆ ಸುದ್ದಿಯೇ ಇಲ್ಲ ಎಂದು ಅಕ್ಕ ನನ್ನ ಮುಂದೆ ಕಣ್ಣೊರಸಿಕೊಂಡಳು. ಆಗ ನನ್ನ ಕೈಯಲ್ಲೂ ಒಂದು ಪೈಪು ಇತ್ತು.

ಪರೀಕ್ಷೆಗೆ ಬಿಯರ್ ಎಲ್ಲಿಂದ ತರುವುದು? ಭಾವ ಗುಜರಿಯಿಂದ ತಂದ ಖಾಲಿ ಪೀಪಾಯಿಯಲ್ಲಿ ಮಜ್ಜಿಗೆ ತುಂಬಿಸಿದರು. ಅದೂ ಎಂಥ ಮಜ್ಜಿಗೆ? ಅಕ್ಕನ ಕೈಯ ಒಗ್ಗರಣೆಯ ಮಜ್ಜಿಗೆ! ಮೊದಲ ಲೋಟ ಬುಸುಗುಡುತ್ತ ಬಂತು, ಎರಡನೆಯದು ತೊಟ್ಟಿಕ್ಕಿತು, ಮೂರನೆಯದಕ್ಕೆ ನಳ ಕಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಸಾಸಿವೆ, ಕರಿಬೇವು. ನಾನು ಕೊಳವೆಯನ್ನು ಬಾಯಿಂದ ಊದಿ ಊದಿ ಸ್ವಚ್ಛ ಮಾಡುತ್ತಿದ್ದಾಗ ಅರಿಸಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯ ಮರಾಠಿ ಹೆಂಗಸರು ಆ ಗ್ಯಾಸಿನ ಮಜ್ಜಿಗೆಯನ್ನು ಮೆಚ್ಚಿ ಎರಡೆರಡು ಸಲ ಕುಡಿದು, ಸಂಜೆಯವರೆಗೆ ತೇಗುತ್ತ ಕುಳಿತರು. ಮರುದಿನ ಅವರಲ್ಲೊಬ್ಬರು ಪಾತ್ರೆ ಹಿಡಿದುಕೊಂಡು ಬಂದರು.

ಇನ್ನು ಬಿಯರು. ಶಹರದಲ್ಲಿ ಅದನ್ನು ತಯಾರಿಸುವವರು, ನಿಮ್ಮ ಬಾರು ಯಾವುದು ಎಂದು ಕೇಳಿದರು. ಮನೆ ಎಂದರೆ ನಕ್ಕರು. ಕೊನೆಗೆ ಸಮಾರಂಭಕ್ಕಾದರೆ ಒಂದು ದಿನದ ಪರವಾನಗಿ ತನ್ನಿ, ಪೀಪಾಯಿ ಕೊಡುತ್ತೇವೆ ಎಂದರು. ಕುಡಿಯುವವರೇ ಪರವಾನಗಿಯ ಗೊಡವೆಗೆ ಹೋಗದ ಈ ಊರಿನಲ್ಲಿ, ಕುಡಿಯದ ನಮ್ಮ ಭಾವ ಹಣೆಗೆ ವಿಭೂತಿ ಹಚ್ಚಿಕೊಂಡು ಕಚೇರಿಯ ಸಾಲಿನಲ್ಲಿ ನಿಂತರು. ಸಮಾರಂಭ ಯಾವುದು ಎಂದು ಗುಮಾಸ್ತ ಕೇಳಿದ್ದಕ್ಕೆ ಬೀಗರ ಊಟ ಎಂದು ಮರಾಠಿಯಲ್ಲಿ ಹೇಳಿದರು. ಅವನು ಪೆನ್ನು ಕೆಳಗಿಟ್ಟು, ನಿಮಗೆ ಇನ್ನೊಬ್ಬ ಮಗಳಿದ್ದಾಳೆಯೇ ಎಂದು ಬಹಳ ಆಸೆಯಿಂದ ಕೇಳಿದನಂತೆ.

ಕೊನೆಗೂ ಆ ದಿನ ಬಂತು. ಅಡಿಗೆ ಮನೆಯಲ್ಲಿ ಹೋಳಿಗೆ, ಹಿಂದಿನ ವರಾಂಡದಲ್ಲಿ ಬಿಯರು. ಎರಡೂ ಒಂದನ್ನೊಂದು ನೋಡಬಾರದು ಎಂದು ಅಕ್ಕ ನಡುವೆ ಪರದೆ ಕಟ್ಟಿದ್ದಳು. ಭಾವ ಹೊಸ ಶಲ್ಯ ಹೊದ್ದು, ಸುಬೇದಾರರ ಕೈಹಿಡಿದು ಕರೆತಂದು ಫ್ರೀಜರಿನ ಮುಂದೆ ನಿಲ್ಲಿಸಿದರು. ಗ್ಲಾಸು ತರುವುದು ಮರೆತಿದ್ದರಿಂದ ಸ್ಟೀಲಿನ ಲೋಟ ಹಿಡಿದು ನಳ ತಿರುವಿದರು.

ನೊರೆ ಬಂತು. ಬರೀ ನೊರೆ! ಲೋಟ ತುಂಬಿತು, ತಂಬಿಗೆ ತುಂಬಿತು, ನಾನು ತಂದ ಬೋಗುಣಿಯೂ ತುಂಬಿತು. ಬಿಯರು ಮಾತ್ರ ಹನಿಯಿಲ್ಲ. ಭಾವನ ಮುಖ ಬಿಳಿಚಿತು. ಇಷ್ಟು ದಿನ ಮೀಟರಿಲ್ಲದ ಆ ಮುಖದಲ್ಲಿ ಅಂದು ಎಲ್ಲವನ್ನೂ ಓದಬಹುದಿತ್ತು. ನನಗೆ ಅವರ ಮೇಲಿದ್ದ ಚಳಿಗಾಲದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಸುಬೇದಾರರು ನಗಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿದರು. ಮೆಸ್ಸಿನಲ್ಲಿ ಪೈಪು ಬಹಳ ಉದ್ದ ಇರುತ್ತಿತ್ತು, ಸುರುಳಿ ಸುತ್ತಿಟ್ಟಿರುತ್ತಿದ್ದರು, ಅದರಿಂದ ಒತ್ತಡ ಇಳಿದು ನೊರೆ ಕಮ್ಮಿಯಾಗುತ್ತಿತ್ತು, ನಿಮ್ಮದು ಗಿಡ್ಡಾಯಿತು ಎಂದರು. ಹತ್ತಿರದ ದಾರಿಯೇ ಸರಿಯಾದ ದಾರಿ ಎಂದು ನಂಬಿದ್ದ ಭಾವ ತಲೆ ಆಡಿಸಿದರು. ಉಳಿದಿದ್ದ ಕೊಳವೆ ತಂದದ್ದಾಯಿತು. ಇಬ್ಬರೂ ಮುಚ್ಚಳ ಎತ್ತಿ ಸೊಂಟದವರೆಗೆ ಫ್ರೀಜರಿನೊಳಗೆ ಬಗ್ಗಿದರು. ಹೊರಗೆ ಉಳಿದದ್ದು ಬೀಗರ ಎರಡು ಬೆನ್ನು. ನಾನು ಮೂಲೆಗೆ ಬೆಳಕು ಬೀಳುವಂತೆ ಟಾರ್ಚ್ ಹಿಡಿದು ನಿಂತೆ; ಈ ಮನೆಯಲ್ಲಿ ನನಗೆ ಬೇರೆ ಕೆಲಸವಾದರೂ ಏನಿದೆ?

ಆಗ ಒಳಗಿನಿಂದ ಭಾವನ ದನಿ ಬಂತು. ಹೊರಗೆ ಮುಖ ನೋಡಿಕೊಂಡು ಎಂದೂ ಆಡಲಾರದ ದನಿ.

"ಬೀಗರ, ಒಂದ್ ಮಾತು. ನಮ್ಮ ಹುಡುಗಿ ಮನಸಿಗೆ ಹತ್ತಿದ್ರ ಮಾತಾಡೂದಿಲ್ಲ. ಸುಮ್ನ ಮೆಟ್ಟಲ ಮ್ಯಾಲ ಹೋಗಿ ಕುಂದರ್ತಾಳ. ಆವಾಗ ಯಾರೂ ಏನೂ ಕೇಳಬಾರದ್ರಿ. ಒಂದ್ ಕಪ್ ಚಾ ಬಾಜೂಕ ಇಟ್ಟು ಬಂದ್ಬಿಡಬೇಕು. ತಾಸಿನ್ಯಾಗ ತಾನ ಎದ್ದು ಬರ್ತಾಳ."

ಸುಬೇದಾರರು ಕೊಳವೆಯನ್ನು ಇನ್ನೊಂದು ಸುತ್ತು ಸುತ್ತಿದ ಸದ್ದು ಕೇಳಿಸಿತು.

"ಸಕ್ರಿ ಎಷ್ಟ್ರಿ?" ಎಂದು ಸುಬೇದಾರರು ಕೇಳಿದರು.

"ಒಂದೂವರಿ ಚಮಚ," ಎಂದರು ಭಾವ.

"ಬರೋಬರ್. ನಾನ ಇಡ್ತೀನಿ. ಬ್ಯಾರೇದವ್ರಿಗೆ ಬಿಡಂಗಿಲ್ಲ."

ಆಮೇಲೆ ನಳದಲ್ಲಿ ಬಿಯರು ಬಂತು, ಸುಬೇದಾರರು ಅದನ್ನು ಸ್ಟೀಲಿನ ಲೋಟದಲ್ಲಿ ಕುಡಿದು ಮೆಸ್ಸಿನದಕ್ಕಿಂತ ಚಲೋ ಐತಿ ಎಂದು ಸುಳ್ಳು ಹೇಳಿದರು. ಅದೆಲ್ಲ ಆಮೇಲಿನದು. ಆ ಗಳಿಗೆಯಲ್ಲಿ ಟಾರ್ಚಿನ ಬೆಳಕು ಯಾಕೆ ಅಲುಗುತ್ತಿದೆ ಎಂದು ಒಳಗಿನಿಂದ ಇಬ್ಬರೂ ಗದರಿದರು. ನನ್ನ ಕಣ್ಣು ತುಂಬಿತ್ತು. ಒರಸಿಕೊಳ್ಳಲು ಹಿಂದೆ ತಿರುಗಿದರೆ ಪರದೆಯ ಪಕ್ಕದಲ್ಲಿ ಅಕ್ಷತಾ. ಊಟಕ್ಕೆ ಕರೆಯಲು ಬಂದವಳು, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ನಡೆದುಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು.

ನಾನು ಟಾರ್ಚನ್ನು ಕಟ್ಟಿಗೆಯ ಚೌಕಟ್ಟಿಗೆ ಆನಿಸಿಟ್ಟು ಒಳಗೆ ಹೋಗಿ ಒಲೆ ಹಚ್ಚಿದೆ. ಎಲೆ ಹಾಕಿರುವ ಹೊತ್ತಿನಲ್ಲಿ ಚಹಾ ಯಾರಿಗೆ ಎಂದು ಅಕ್ಕ ಕೇಳಿದಳು. ಸಕ್ಕರೆ ಡಬ್ಬಿ ಎಲ್ಲಿದೆ ಎಂದಷ್ಟೇ ಕೇಳಿದೆ.