ನಲ್ಲಿಗೆ ಅಡ್ಡ ಬಂದ ಬಂಡೆ

ಮನುಷ್ಯನಿಗೆ ಬರಬಾರದ ಕಷ್ಟಗಳಲ್ಲಿ ಮನೆಯ ಮುಂದೆಯೇ ನಲ್ಲಿ ಇರುವುದೂ ಒಂದು ಎಂದರೆ ನೀವು ನಂಬಲಿಕ್ಕಿಲ್ಲ. ನೀರಿಗಾಗಿ ಮೈಲಿಗಟ್ಟಲೆ ನಡೆಯುವವರು, ‘ಕೊಬ್ಬು ನೋಡು ಇವನಿಗೆ’ ಎಂದು ಬೈದಾರು. ಬೈಯಲಿ, ನಾನು ಅದಕ್ಕೆ ಯೋಗ್ಯನೇ. ಬೆಳಗಿನ ಜಾವಕ್ಕೇ ಕೊಡಗಳ ಗಲಾಟೆ ಶುರುವಾಗುತ್ತದೆ. ಯಾರ ಕೊಡ ಮುಂದೆ, ಯಾರದು ಹಿಂದೆ ಎಂಬ ವ್ಯಾಜ್ಯಕ್ಕೆ ನಾನು ಹಲ್ಲುಜ್ಜುವ ಮೊದಲೇ ತೀರ್ಪು ಕೊಡಬೇಕು. ಕೆಸರಂತೂ ಹೊಸ್ತಿಲು ದಾಟಿ ದೇವರ ಗೂಡಿನವರೆಗೂ ಬರುತ್ತದೆ. ಇದೆಲ್ಲ ನಾನೇ ಮಾಡಿಕೊಂಡದ್ದು ಎಂಬುದನ್ನು ಹೆಂಡತಿ ಸರೋಜಳಿಗೂ ಹೇಳಿಲ್ಲ.

ತ್ಯಾಗರಾಜನಗರದ ಆಚೆ, ಜಯನಗರದ ಹೊಸ ಮನೆಗಳಿಗೆ ಕಲ್ಲು ಮಣ್ಣು ಹೊರುವವರು ಕಟ್ಟಿಕೊಂಡ ಗುಡಿಸಲುಗಳ ಸಾಲು ನಮ್ಮದು. ಮರದ ಡಿಪೋದಲ್ಲಿ ಗುಮಾಸ್ತನಾದ ನಾನು ಬಾಡಿಗೆ ಕಡಿಮೆ ಎಂದು ಬಂದು ಸೇರಿಕೊಂಡವನು. ಊರಿಗೆಲ್ಲ ಮನೆ ಕಟ್ಟುವ ಈ ಜನಕ್ಕೆ ಕುಡಿಯುವ ನೀರು ಮಾತ್ರ ಅರ್ಧ ಮೈಲಿ ಆಚೆಯ ಬಾವಿಯಿಂದಲೇ ಬರಬೇಕು. ಸಾಲಿನ ತುತ್ತತುದಿಯಲ್ಲಿ ಪಿಳ್ಳಮ್ಮಜ್ಜಿ ಒಬ್ಬಳೇ ಇದ್ದಳು, ಜೀವಮಾನವೆಲ್ಲ ಕಲ್ಲು ಒಡೆದವಳು. ಒಂದು ದಿನ ಅವಳು ಹೆಂಗಸರನ್ನು ಕೂಡಿಸಿ, “ಮುದ್ದೆಗೆ ಹಿಟ್ಟು ತೆಗೆಯೋವಾಗ ಒಂದೊಂದು ಹಿಡಿ ಈ ಮಡಕೆಗೆ ಹಾಕ್ರವ್ವಾ. ಸರ್ಕಾರದೋರು ನಲ್ಲಿ ಹಾಕೋಗಂಟ ಕಾದ್ರೆ, ಸಾಯೋವಾಗ ನನ್ನ ಬಾಯಿಗೆ ಬಿಡೋ ನೀರೂ ಬಾವೀದೇ” ಎಂದಳು. ಆ ಹಿಟ್ಟನ್ನು ಹತ್ತಿರದ ಮುದ್ದೆ ಹೋಟೆಲಿಗೆ ಮಾರುತ್ತಾ ಎರಡು ವರ್ಷ ಪೈಪಿಗೆ ದುಡ್ಡು ಕೂಡಿಟ್ಟರು. ಎಷ್ಟೋ ಮನೆಗಳಲ್ಲಿ ಮುದ್ದೆ ಚಿಕ್ಕದಾಯಿತು, ಮಡಕೆಗೆ ಬೀಳುವ ಹಿಡಿ ಚಿಕ್ಕದಾಗಲಿಲ್ಲ. ಅರ್ಜಿ ಬರೆಯಲು ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ ನಾನು ಸಾಲಿನವರ ಸಂಘಕ್ಕೆ ಸೆಕ್ರೆಟರಿಯಾದೆ.

ಅರ್ಜಿ ಮಂಜೂರಾಯಿತು. ದೊಡ್ಡ ರಸ್ತೆಯಿಂದ ಪೈಪು ಎಳೆಯುವ ಕೆಲಸ ಮಾತ್ರ ನಮ್ಮದೇ. ತುದಿಯ ಬಯಲಿನಲ್ಲಿ ನಲ್ಲಿ ಹಾಕಿದರೆ ಚೆಲ್ಲಿದ ನೀರು ಹಳ್ಳಕ್ಕೆ ಹರಿದುಹೋಗುತ್ತದೆ, ಕೆಸರಾಗುವುದಿಲ್ಲ ಎಂದು ಅಜ್ಜಿ ಹೇಳಿದ್ದಕ್ಕೆ ಎಲ್ಲರೂ ಒಪ್ಪಿದ್ದರು. ಗಂಡಸರು ಅಗೆಯುತ್ತಾ ಅಗೆಯುತ್ತಾ ಸಾಲಿನಲ್ಲಿ ಮೂರನೆಯದಾದ ನಮ್ಮ ಮನೆಯ ಮುಂದೆ ಬಂದರು. ಆಗ ನೋಡಿ, ನನ್ನ ಹೆಗಲೇರಿತು ಶನಿ! “ನೀರಿನ ಆಫೀಸಿನಲ್ಲಿ ನಕ್ಷೆ ನೋಡಿದೀನಿ. ಇಲ್ಲಿಂದಾಚೆ ಕೆಳಗೆಲ್ಲ ಬರೀ ಬಂಡೆ. ನಲ್ಲಿ ಇಲ್ಲೇ ಹಾಕ್ಬೇಕು” ಎಂದುಬಿಟ್ಟೆ. ನಕ್ಷೆ ಎಂದ ಮೇಲೆ ಎದುರಾಡುವವರು ಯಾರು? ಅಗೆಯುವವರಿಗೂ ರಟ್ಟೆ ಬಿದ್ದುಹೋಗಿತ್ತು. ಪಿಳ್ಳಮ್ಮಜ್ಜಿ ಒಬ್ಬಳು ಮಾತ್ರ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿ, ನನ್ನ ಮುಖವನ್ನೂ ನೋಡಿದಳು. “ಬಂಡೆ ಐತಾ? ಐತೆ ಬುಡಪ್ಪ, ಓದಿದೋರು ಹೇಳಿದ್ಮೇಲೆ” ಎಂದಳು. ಮಿಕ್ಕ ಪೈಪುಗಳು ‘ಸಂಘದ ಸೊತ್ತು’ ಎಂಬ ಹೆಸರಿನಲ್ಲಿ ನಮ್ಮ ಹಿತ್ತಲು ಸೇರಿದವು. ಸರೋಜ ಅವುಗಳ ಮೇಲೆ ಸೀರೆ ಒಣಹಾಕುತ್ತಾಳೆ.

ಹೋದ ತಿಂಗಳು ನಮ್ಮ ಬಾಗಿಲ ಮುಂದಿನ ಅದೇ ಕೆಸರಿನಲ್ಲಿ ಪಿಳ್ಳಮ್ಮಜ್ಜಿ ತುಂಬಿದ ಕೊಡದ ಸಮೇತ ಜಾರಿ ಬಿದ್ದಳು. ಸೊಂಟ ಮುರಿಯಿತು. ಈ ವಯಸ್ಸಿಗೆ ಇನ್ನು ಕೂಡುವುದಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಎಲ್ಲರನ್ನೂ ಕೂಡಿಸಿ ನಿಜ ಹೇಳಿ, ಪೈಪನ್ನು ತುದಿಯವರೆಗೂ ಎಳೆಸಿಬಿಡೋಣ ಎಂದು ಎಷ್ಟು ಸಲ ಹೊರಟೆನೋ! ಸೆಕ್ರೆಟರಿ ಎಂಬ ಹಾಳು ಮರ್ಯಾದೆ ಹೊಸ್ತಿಲಲ್ಲೇ ಕಾಲು ಹಿಡಿಯುತ್ತದೆ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ನೀರು ಹೊರುವುದೇ ಹಗುರವೆಂದು ದಿನಾ ಬೆಳಿಗ್ಗೆ ಎರಡು ಕೊಡ ಅವಳ ಗುಡಿಸಲಿಗೆ ಹೊತ್ತು ಹಾಕುತ್ತೇನೆ. ‘ಎಂಥಾ ದೊಡ್ಡ ಮನಸ್ಸು’ ಎಂದು ಸಾಲಿನವರು ಹೊಗಳುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನೆ ಅಜ್ಜಿ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಹೇಳಿದಳು: “ನಲವತ್ತು ವರ್ಷ ಕಲ್ಲು ಒಡ್ದಿವ್ನಿ ಕಣಪ್ಪ. ಆ ಬಂಡೆ ಎಲ್ಲೈತೆ ಅಂತ ಅವತ್ತೇ ಗೊತ್ತಿತ್ತು.”

ಹೆಗಲ ಮೇಲಿನ ಕೊಡ ಇಳಿಸದೆಯೇ ಕೇಳಿದೆ: “ಅವತ್ತೇ ಹೇಳಬಾರದಿತ್ತಾ ಅಜ್ಜಿ?”

“ಹೇಳಿ ನಿನ್ನ ಓಡ್ಸಿದ್ರೆ, ಇನ್ನೊಂದು ಅರ್ಜಿ ಬರ್ಯೋಕೆ ಇಲ್ಲಿ ಯಾರಿದ್ರು?”

ಕೊಡ ಇಳಿಸಿದೆ. ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು.

“ನಾಳೆ ಇನ್ನೊಂದು ಕೊಡ ಜಾಸ್ತಿ ತರ್ತೀನಿ ಅಜ್ಜಿ” ಎಂದೆ.