ಲಿಫ್ಟಿಗೆ ಬಿಸಿಲು ಬೇಕಾಗಿದೆ

ಬಿಸಿಲು ಬಿಟ್ಟಿ ಸಿಗುತ್ತದೆ ಎನ್ನುವವರು ವಡೋದರಾದಲ್ಲಿ ಅದಕ್ಕೊಂದು ಅರ್ಜಿ ಹಾಕಿ ನೋಡಬೇಕು. ನಾನು ಹಾಕಿದ್ದೇನೆ. ಅಂದಿನಿಂದ ನನಗೆ ಇಂಥವೇ ಪ್ರಸಂಗಗಳು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು.

ವಿಷಯ ಸಣ್ಣದು. ನಾನು ಧಾರವಾಡದ ಕಡೆಯವನು. ರೈಲ್ವೆಯಲ್ಲಿದ್ದೆ. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಮಕರಪುರದ ಹತ್ತಿರ ಹಳೆಯದೊಂದು ಹೌಸಿಂಗ್ ಸೊಸೈಟಿ, ಐದನೇ ಮಹಡಿ. ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಮೆಟ್ಟಿಲು ಹತ್ತಿ ಇಳಿಯಲು ಆಗದು. ಲಿಫ್ಟ್ ಇದೆ. ಆದರೆ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಸೇರಿ ಸೊಸೈಟಿಯ ಕರೆಂಟ್ ಬಿಲ್ಲು ಏರಿತೆಂದು ಕಮಿಟಿಯವರು ಲಿಫ್ಟನ್ನು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತಾರೆ. ಬೆಳಿಗ್ಗೆ ಇಳಿದರೆ ಸಂಜೆಯವರೆಗೆ ಮೇಲೆ ಬರುವ ಹಾಗಿಲ್ಲ. ಒಮ್ಮೆ ಹಾಗೆ ಇಳಿದು, ವಾಚ್‌ಮನ್ನನ ಕುರ್ಚಿಯ ಮೇಲೆ ಇಡೀ ದಿನ ಕಳೆದಳು. ಆಮೇಲೆ ಇಳಿಯುವುದನ್ನೇ ಬಿಟ್ಟಳು. ತರಕಾರಿ ಗಾಡಿ ಬಂದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ಚೌಕಾಸಿ ಅಲ್ಲಿಂದಲೇ. ಹುಳುಕು ಬದನೆಕಾಯಿ ಬಂದರೆ ಬೈಗುಳವೂ ಅಲ್ಲಿಂದಲೇ.

"ಮಂದಿ ಮುಖಾ ನೋಡಿ ಎಷ್ಟ ದಿನಾ ಆತ್ರೀ," ಎಂದಳು ಒಂದು ದಿನ. "ಮ್ಯಾಲಿಂದ ಬರೇ ತಲಿ ನೋಡ್ಲಿಕತ್ತೇನಿ."

 

ಅದೇ ವಾರ ಪೇಪರಿನಲ್ಲಿ ಬಂತು. ಜನರೇ ಒಟ್ಟುಗೂಡಿ ಸೋಲಾರ್ ಹಾಕಿಸಿಕೊಂಡರೆ ಸರ್ಕಾರದ ಬೆಂಬಲವಂತೆ. ಟೆರೇಸಿನ ಮೇಲೆ ಎಲ್ಲರದೂ ಸೇರಿ ಒಂದು ಸೋಲಾರ್ ಹಾಕಿಸಿದರೆ ಬಿಲ್ಲು ಇಳಿಯುತ್ತದೆ, ಲಿಫ್ಟು ಹಗಲೆಲ್ಲ ಓಡುತ್ತದೆ. ಇಷ್ಟೇ ನನ್ನ ಲೆಕ್ಕ. ಬೆಂಬಲವೂ ಇತ್ತು, ಸುಳ್ಳಲ್ಲ. ಅದರ ಭಾರ ತಡೆಯಲು ನಮಗೆ ಆಗಲಿಲ್ಲ.

ಯಾವ ಸಮಾಜ?

ನಮ್ಮ ಸೊಸೈಟಿಯ ಚೇರ್ಮನ್ ಗುಜರಾತಿ. ಬಟ್ಟೆ ಅಂಗಡಿಯವನು. ಒಳ್ಳೆಯ ಮನುಷ್ಯ. ಏನು ಕೇಳಿದರೂ "ಥಈ ಜಶೆ, ಕಾಕಾ" ಎನ್ನುತ್ತಾನೆ. ಆಗಿಬಿಡುತ್ತೆ ಎಂದರ್ಥ. ಯಾವಾಗ ಎಂಬುದು ಆ ಮಾತಿನಲ್ಲಿಲ್ಲ.

ಅವನೂ ನಾನೂ ಅರ್ಜಿ ಹಿಡಿದು ಆ ಯೋಜನೆಯ ಆಫೀಸಿಗೆ ಹೋದೆವು. ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಕಮ್ಯುನಿಟಿ ಪ್ರಾಜೆಕ್ಟ್ ಅಂತ ಬರೆದಿದ್ದೀರಿ. ಯಾವ ಕಮ್ಯುನಿಟಿ?"

"ನಮ್ಮ ಬಿಲ್ಡಿಂಗಿನವರು," ಎಂದೆ.

"ಅದು ಸೊಸೈಟಿ. ನಾನು ಕೇಳಿದ್ದು ಸಮಾಜ. ಯಾವ ಜಾತಿಯವರು?"

"ಎಲ್ಲರೂ ಇದ್ದಾರೆ."

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಎಲ್ಲರೂ ಇದ್ದರೆ ಅದು ಕಮ್ಯುನಿಟಿ ಹೇಗಾಗುತ್ತೆ, ಕಾಕಾ?"

ಚೇರ್ಮನ್ ಬಿಡಿಸಿ ಹೇಳಲು ಹೋದ. ಗುಮಾಸ್ತನೂ ಕೆಟ್ಟವನಲ್ಲ. ಕಂಪ್ಯೂಟರಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲವಂತೆ. ಅವನಿಗೂ ಊಟದ ಹೊತ್ತು. ನನ್ನ ಕಡೆ ತಿರುಗಿ, "ನಿಮ್ಮ ಗುಜರಾತಿ ಒಂಥರಾ ಇದೆ. ಯಾವ ಕಡೆಯವರು?" ಎಂದ.

"ಕರ್ನಾಟಕ."

ಅವನ ಮುಖ ಅರಳಿತು. ಟಕಟಕ ಒತ್ತಿದ. ರಸೀತಿ ಹೊರಬಂತು. ಅದರಲ್ಲಿ ಅಚ್ಚಾಗಿತ್ತು: 'ಕರ್ನಾಟಕ ಸಮಾಜದ ಸೌರ ವಿದ್ಯುತ್ ಯೋಜನೆ'.

ಹೊರಗೆ ಬಂದ ಮೇಲೆ ಚೇರ್ಮನ್ ಅದನ್ನು ಓದಿಕೊಂಡ. "ಕಾಕಾ, ಇಡೀ ಬಿಲ್ಡಿಂಗನ್ನ ನಿಮ್ಮ ಸಮಾಜಕ್ಕೆ ಬರೆಸಿಕೊಂಡುಬಿಟ್ಟಿರಲ್ಲ! ಎಷ್ಟು ಜನ ಇದ್ದೀರಿ ನೀವು?"

"ಇಬ್ಬರು. ನಾನು, ನನ್ನ ಹೆಂಡತಿ. ನಮ್ಮೊಳಗೇ ಎರಡು ಪಕ್ಷ."

ಅಗಾಸಿ

ಗುಜರಾತಿಯಲ್ಲಿ ಟೆರೇಸಿಗೆ ಅಗಾಸಿ ಎನ್ನುತ್ತಾರೆ. ನಮ್ಮ ಕಡೆ ಅಗಸಿ ಎಂದರೆ ಊರ ಬಾಗಿಲು. ಇಲ್ಲಿಗೆ ಬಂದ ಹೊಸದರಲ್ಲಿ ಅಗಾಸಿಯಲ್ಲಿ ಮೀಟಿಂಗ್ ಎಂದಾಗ ನಾನು ಗೇಟಿನ ಹತ್ತಿರ ಹೋಗಿ ಒಬ್ಬನೇ ನಿಂತಿದ್ದೆ. ಆ ಸಂಜೆ ನೆಮ್ಮದಿಯಾಗಿತ್ತು. ಈ ಸಲವೂ ಹಾಗೇ ಮಾಡಬೇಕಿತ್ತು.

ಟೆರೇಸು ಎಲ್ಲರದು. ಆದ್ದರಿಂದ ಎಲ್ಲರೂ ಒಪ್ಪಿ ಸಹಿ ಹಾಕಬೇಕೆಂದು ನಿಯಮ. ಎಲ್ಲರನ್ನೂ ಕರೆದೆವು.

ನೆಲಮಹಡಿಯಾಕೆ ಮೊದಲು ಎದ್ದಳು. "ನಾವು ಲಿಫ್ಟ್ ಹತ್ತೋದೇ ಇಲ್ಲ. ನಮಗ್ಯಾಕೆ ಸೂರ್ಯ?"

ನನ್ನ ಪಕ್ಕದ ಮನೆಯವನು ಎದ್ದ. "ಬಿಸಿಲು ಮೊದಲು ಬೀಳೋದು ನಮ್ಮ ತಲೆ ಮೇಲೆ. ಐದನೇ ಮಹಡಿಗೆ ಪಾಲು ಹೆಚ್ಚು ಕೊಡಿ."

ಮೂರನೆಯವನಿಗೆ ಅವನದೇ ಪ್ಯಾನೆಲ್ ಬೇರೆ ಬೇಕಂತೆ, ಪೂರ್ವಕ್ಕೆ ಮುಖ ಮಾಡಿ. ವಾಸ್ತು. ಪ್ಯಾನೆಲ್ ದಕ್ಷಿಣಕ್ಕೆ ಇರಬೇಕು ಎಂದು ಸೋಲಾರ್ ಹಾಕಲು ಗೊತ್ತುಮಾಡಿದ್ದ ಕಂಟ್ರಾಕ್ಟರ್ ಹೇಳಿದ. "ದಕ್ಷಿಣ ಯಮನ ದಿಕ್ಕು," ಎಂದು ವಾಸ್ತುವಿನವನು ಕೂತ.

ಇವೆಲ್ಲ ಹೇಗೋ ಮುಗಿದವು. ಆಗ ಹಿಂದಿನಿಂದ ಯಾರೋ ಕೇಳಿದರು. "ಉತ್ತರಾಯಣಕ್ಕೆ ಗಾಳಿಪಟ ಎಲ್ಲಿಂದ ಹಾರಿಸೋದು?"

 ಉತ್ತರಾಯಣ ಎಂದರೆ ನಮ್ಮ ಸಂಕ್ರಾಂತಿ. ಆ ಎರಡು ದಿನ ಇಲ್ಲಿ ಊರಿಗೆ ಊರೇ ಟೆರೇಸಿನ ಮೇಲಿರುತ್ತದೆ. ಊಟ, ಜಗಳ, ಮದುವೆ ಮಾತುಕತೆ, ಎಲ್ಲ ಅಲ್ಲೇ. 

"ಹಬ್ಬದ ಹಿಂದಿನ ದಿನ ಪ್ಯಾನೆಲ್ ಬಿಚ್ಚೋಣ. ಮುಗಿದ ಮೇಲೆ ಮತ್ತೆ ಹಾಕೋಣ," ಎಂದ ಒಬ್ಬ.

"ಥಈ ಜಶೆ," ಎಂದ ಚೇರ್ಮನ್. ಕಂಟ್ರಾಕ್ಟರ್ ಹಣೆ ಹಿಡಿದುಕೊಂಡ. ಆ ಷರತ್ತಿನ ಮೇಲೆ ಎಲ್ಲರೂ ಸಹಿ ಹಾಕಿದರು.

"ಪ್ಯಾನೆಲ್ ಬಿಚ್ಚಿದ ದಿನ ಲಿಫ್ಟು?" ಎಂದೆ.

"ಆ ದಿನ ಎಲ್ಲರೂ ಮೇಲೇ ಇರ್ತೀವಲ್ಲ, ಕಾಕಾ. ನೀವೊಬ್ಬರು ಕೆಳಗೆ ಹೋಗಿ ಏನು ಮಾಡ್ತೀರಿ?"

ಸೂರತ್ತಿನಲ್ಲಿ ಓಡುತ್ತದೆ

ಅರ್ಜಿ ಎಲ್ಲೋ ಕೂತಿತು. ವಿಚಾರಿಸಿದರೆ ಅಹಮದಾಬಾದಿಗೆ ಹೋಗಿದೆ ಎಂದರು. ಅಹಮದಾಬಾದಿಗೆ ಫೋನ್ ಮಾಡಿದರೆ ವಡೋದರಾಕ್ಕೆ ಬಂದಿದೆ ಎಂದರು. ನಾನು ರೈಲ್ವೆಯವನು. ಎರಡು ಊರಿನ ನಡುವೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಬಲ್ಲೆ. ಅರ್ಜಿ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲಿಲ್ಲ.

ಸೂರತ್ತಿನ ಅಡಾಜಣ್‌ನಲ್ಲಿ ಒಂದು ಸೊಸೈಟಿಯವರು ಇದೇ ಥರ ಸೋಲಾರ್ ಹಾಕಿಸಿ ಸುಖವಾಗಿದ್ದಾರೆ ಎಂದು ಸುದ್ದಿ ಬಂತು. ಚೇರ್ಮನ್ನೂ ನಾನೂ ನೋಡಲು ಹೋದೆವು. ನಿಜ. ನಡುಮಧ್ಯಾಹ್ನ ಲಿಫ್ಟು ಓಡುತ್ತಿತ್ತು. ಸುಮ್ಮನೆ ಹತ್ತಿ ಮೇಲೆ ಹೋದೆ, ಕೆಳಗೆ ಬಂದೆ. ಹೊಟ್ಟೆ ಉರಿಯಿತು.

"ಸರ್ಕಾರದ ಬೆಂಬಲ ಹೇಗೆ ತಗೊಂಡಿರಿ?" ಎಂದು ಅಲ್ಲಿನ ಸೆಕ್ರೆಟರಿಯನ್ನು ಚೇರ್ಮನ್ ಕೇಳಿದ.

"ತಗೊಳ್ಳಲಿಲ್ಲ," ಎಂದ ಸೆಕ್ರೆಟರಿ. "ಅದಕ್ಕೇ ಓಡ್ತಿದೆ."

ವಾಪಸು ಬರುವಾಗ ಭರೂಚ್ ದಾಟುವವರೆಗೂ ಚೇರ್ಮನ್ "ಥಈ ಜಶೆ" ಎನ್ನಲಿಲ್ಲ.

ಮನೆಗೆ ಬಂದೆ. ಹೆಂಡತಿ ಕಾಯುತ್ತಿದ್ದಳು.

"ಖರೇನ ಓಡತದೇನ್ರೀ?"

"ಓಡತದ."

"ಹಗಲೆಲ್ಲಾ?"

"ಹಗಲೆಲ್ಲಾ."

"ಹಂಗಾರ ಸೂರತ್ತಿಗೇ ಹೋಗಿ ಇರೂಣಲ್ಲ."

"ಇರೂಣು. ಮೊದ್ಲ ಕೆಳಗ ಇಳಿ."

ಯಶಸ್ವಿ

ಅರ್ಜಿ ಹೇಗೋ ಪಾಸಾಗಿ ಪ್ಯಾನೆಲ್‌ಗಳು ಕಡೆಗೂ ಬಂದವು. ದಕ್ಷಿಣಕ್ಕೆ ಮುಖ ಮಾಡಿ ಕೂತವು. ಮೀಟರ್ ಬರಲಿಲ್ಲ. ಸೋಲಾರಿನ ಕರೆಂಟು ಎಷ್ಟು ಹೊರಗೆ ಹೋಯಿತು, ಎಷ್ಟು ಒಳಗೆ ಬಂತು ಎಂದು ಲೆಕ್ಕ ಹಾಕುವ ಮೀಟರ್ ಬೇರೆ. ಅದನ್ನು ಕರೆಂಟಿನವರೇ ತಂದು ಹಾಕಬೇಕು. ಅದಿಲ್ಲದೆ ನಾವು ಸ್ವಿಚ್ ಒತ್ತಿದರೆ ತಪ್ಪು. ಬೇಸಿಗೆ ಬಂತು. ಕಾಗೆ ಕಾಲಿಟ್ಟರೆ ಸುಡುವಂಥ ಬಿಸಿಲು. ಅಷ್ಟೂ ಬಿಸಿಲು ಪ್ಯಾನೆಲ್ ಮೇಲೆ ಬಿದ್ದು ವ್ಯರ್ಥವಾಯಿತು.

ಪೂರ್ತಿ ವ್ಯರ್ಥ ಎನ್ನುವ ಹಾಗಿಲ್ಲ. ಬೇಸಿಗೆಯಲ್ಲಿ ಇಲ್ಲಿಯ ಹೆಂಗಸರು ವರ್ಷಕ್ಕಾಗುವಷ್ಟು ಆಲೂಗಡ್ಡೆ ಸಂಡಿಗೆ ಒಣಗಿಸುತ್ತಾರೆ. ಟೆರೇಸಿನ ತುಂಬ ಪ್ಯಾನೆಲ್. ಹಾಗಾಗಿ ಪ್ಯಾನೆಲ್ ಮೇಲೇ ಹಳೆಯ ಸೀರೆ ಹಾಸಿ ಹರವಿದರು. ಜಾರದಂತೆ ತುದಿಗೆ ಇಟ್ಟಿಗೆ ಇಟ್ಟರು.

ಯೋಜನೆಯ ಆಫೀಸಿನಿಂದ ತಪಾಸಣೆಗೆ ಒಬ್ಬ ಬಂದದ್ದು ಆಗಲೇ.

"ಮೀಟರ್ ಬಂದಿಲ್ಲ, ಸಾಹೇಬ್," ಎಂದ ಚೇರ್ಮನ್.

"ಅದು ಬೇರೆ ಇಲಾಖೆ. ಪ್ಲಾಂಟಿನಿಂದ ಜನಕ್ಕೆ ಉಪಯೋಗ ಆಗ್ತಿದೆಯಾ? ಅದನ್ನ ಹೇಳಿ."

ನೆಲಮಹಡಿಯಾಕೆ ಸಂಡಿಗೆ ಮಗುಚುತ್ತಿದ್ದಳು. "ಬಹಳ ಆಗ್ತಿದೆ, ಭಾಯ್. ಮೊದಲು ಎರಡು ದಿನ ಬೇಕಾಗ್ತಿತ್ತು. ಈಗ ಸಂಜೆಯೊಳಗೆ ಮುಗಿಯುತ್ತೆ."

ಅವನು ಬರೆದುಕೊಂಡ. ಆಕೆ ನಾಲ್ಕು ಕರಿದು ಚಹಾದ ಜೊತೆ ಕೊಟ್ಟಳು. ತಿಂದ. ಉಪ್ಪು ತುಸು ಕಡಿಮೆ ಎಂದ.

ಅವನ ವರದಿಯ ಪ್ರತಿ ನಮಗೂ ಬಂತು. 'ಯೋಜನೆ ಯಶಸ್ವಿ. ಮಹಿಳೆಯರ ಪಾಲ್ಗೊಳ್ಳುವಿಕೆ ವಿಶೇಷವಾಗಿ ಗಮನಾರ್ಹ.'

ಸಾಹೇಬರು ಮೇಲೆ ಹೋದದ್ದು

ಯಶಸ್ವಿ ಎಂದ ಮೇಲೆ ಉದ್ಘಾಟನೆ ಆಗಲೇಬೇಕು. ಕರೆಂಟಿನವರ ದೊಡ್ಡ ಸಾಹೇಬರೇ ಬರುತ್ತಾರೆ ಎಂದು ತಿಳಿಸಿದರು. ಮೀಟರನ್ನೂ ಅಂದೇ ತರುತ್ತಾರಂತೆ. ಅಂದಿನಿಂದ ಲಿಫ್ಟು ಹಗಲೆಲ್ಲ ಓಡಲಿ ಎಂದು ಕಮಿಟಿ ಒಪ್ಪಿತು. ನಾನು ಚೇರ್ಮನ್ನನ ಬಾಯಿಂದ ಎರಡು ಸಲ ಹೇಳಿಸಿಕೊಂಡೆ.

ಕಾಗದದಲ್ಲಿ ಯೋಜನೆ ಕರ್ನಾಟಕ ಸಮಾಜದ್ದು. ಆದ್ದರಿಂದ ಸಮಾಜದ ಪರವಾಗಿ ನನ್ನ ಹೆಂಡತಿ ಆರತಿ ಎತ್ತಬೇಕಾಯಿತು. ಇಳಕಲ್ ಸೀರೆ ಉಟ್ಟು ಬೆಳಗಿನ ಲಿಫ್ಟಿನಲ್ಲೇ ಇಳಿದಳು. ಗೇಟಿನಲ್ಲಿ ಕೂತು ಸಿಕ್ಕಸಿಕ್ಕವರ ಜೊತೆ ಮಾತಾಡಿದಳು. ಬರುವವರ, ಹೋಗುವವರ ಮುಖವನ್ನೇ ನೋಡುತ್ತಿದ್ದಳು. ಸಾಹೇಬರು ತಡವಾಗಿ ಬಂದರು. ಬಂದವರಿಗೆ ಆರತಿ ಆಯಿತು.

ನಮ್ಮದು ಹಳೆಯ ಲಿಫ್ಟು. ಕಬ್ಬಿಣದ ಜಾಲರಿ ಬಾಗಿಲು. ಸಾಹೇಬರು, ಸ್ಟೂಲಿನ ಮೇಲೆ ಕೂತ ನನ್ನ ಹೆಂಡತಿ, ಇಬ್ಬರಿಗೇ ಒಳಗೆ ಜಾಗ ತುಂಬಿತು. ನಾವೆಲ್ಲ ಮೆಟ್ಟಿಲು ಹತ್ತಿದೆವು. ಮೂರನೇ ಮಹಡಿ ದಾಟಿ ಲಿಫ್ಟು ನಿಂತಿತು.

ನಾಲ್ಕನೇ ಮಹಡಿಯಲ್ಲಿ ಜಾಲರಿಯ ಕೆಳತುದಿಗೆ ಸಾಹೇಬರ ತಲೆ ಕಾಣುತ್ತಿತ್ತು.

"ಏನಾಯ್ತು?"

"ಕರೆಂಟ್ ಹೋಯ್ತು, ಸಾಹೇಬ್," ಎಂದ ಚೇರ್ಮನ್.

"ಮೇಲೆ ಸೋಲಾರ್ ಇದೆಯಲ್ಲ!"

"ಇದೆ," ಎಂದೆ ನಾನು. "ಕರೆಂಟ್ ಬಂದ ಮೇಲೆ ಕೆಲಸ ಮಾಡುತ್ತೆ."

ಸಾಹೇಬರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಕಂಟ್ರಾಕ್ಟರ್ ಬಗ್ಗಿ ವಿವರಿಸಿದ. ಲೈನಿನಲ್ಲಿ ಕರೆಂಟ್ ಹೋದರೆ ಪ್ಯಾನೆಲ್ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದವನಿಗೆ ನಮ್ಮ ಕರೆಂಟು ಹೊಡೆಯುತ್ತದೆ. "ನಿಮ್ಮದೇ ನಿಯಮ, ಸಾಹೇಬ್."

"ನಿಯಮ ನನಗೆ ಗೊತ್ತು! ಲೈನ್ ಆಫ್ ಮಾಡಿದ್ಯಾರು, ಅದನ್ನ ನೋಡಿ!"

ಕೆಳಗೆ ಇಳಿದೆ. ಮೀಟರ್ ರೂಮಿನಲ್ಲಿ ಅವರದೇ ಲೈನ್‌ಮನ್ ಹಳೆಯ ಮೀಟರ್ ಬಿಚ್ಚಿ ಕೂತಿದ್ದ. ಸಾಹೇಬರು ಇಳಿದು ಬರುವಷ್ಟರಲ್ಲಿ ಹೊಸದು ಹಾಕಿರಬೇಕು, ಫೋಟೋ ತೆಗೆಯುವುದಿದೆ ಎಂದು ಅಪ್ಪಣೆಯಾಗಿತ್ತಂತೆ.

"ಬೇಗ ಲೈನ್ ಹಾಕಪ್ಪ," ಎಂದೆ.

"ಹೊಸ ಮೀಟರ್ ಕೂರಿಸಿದ್ದೀನಿ. ಆದರೆ ಲೈನ್ ಹಾಕೋಕೆ ಸಾಹೇಬರು ಹೇಳಬೇಕು."

"ಸಾಹೇಬರೇ ಲಿಫ್ಟಿನಲ್ಲಿದ್ದಾರೆ."

"ಪರವಾಗಿಲ್ಲ, ಕಾಕಾ. ಬರಲಿ. ಕಾಯ್ತೀನಿ."

ಲಿಫ್ಟಿನೊಳಗೆ ಫೋನಿಗೆ ಸಿಗ್ನಲ್ ಇಲ್ಲ. ನಾನು ಮತ್ತೆ ಮೆಟ್ಟಿಲು ಹತ್ತಿದೆ. ಮೇಲೆ ಹೋದಾಗ ಹೆಂಡತಿಯ ದನಿ ಕೇಳಿತು. ಅವಳ ಹಿಂದಿ ಅರ್ಧ ಧಾರವಾಡದ್ದು. ಆಪರೇಷನ್ನಿನಿಂದ ಶುರು ಮಾಡಿದ್ದಳು. ಲಿಫ್ಟಿನ ವೇಳೆ, ವಾಚ್‌ಮನ್ನನ ಕುರ್ಚಿ, ಬುಟ್ಟಿ, ಅರ್ಜಿ, ಅಹಮದಾಬಾದು, ಒಂದನ್ನೂ ಬಿಡಲಿಲ್ಲ. ಸಾಹೇಬರು ಬೆವರು ಒರೆಸಿಕೊಳ್ಳುತ್ತ "ಹಾಂ ಮಾತಾಜಿ, ಹಾಂ ಮಾತಾಜಿ" ಎನ್ನುತ್ತಿದ್ದರು. ಕಡೆಗೆ ಒಂದು ಚೀಟಿಯಲ್ಲಿ ಅಪ್ಪಣೆ ಬರೆದು ಜಾಲರಿಯಲ್ಲಿ ತೂರಿಸಿದರು. ಚೇರ್ಮನ್ ಅದನ್ನು ಹಿಡಿದು ಕೆಳಗೆ ಓಡಿದ.

ಕರೆಂಟ್ ಬಂತು. ಲಿಫ್ಟು ಐದನೇ ಮಹಡಿ ಸೇರಿತು. ಸಾಹೇಬರು ಹೊರಬಿದ್ದು ಟೆರೇಸಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿನಲ್ಲಿ ಇಳಿದರು. ಕಾರು ಹತ್ತುವ ಮೊದಲು ಒಂದು ಮಾತು ಹೇಳಿ ಹೋದರು: ಈ ಲಿಫ್ಟು ಅಪಾಯ, ತಪಾಸಣೆಯಾಗುವವರೆಗೆ ಪೂರ್ತಿ ಬಂದ್ ಮಾಡಿ.

ಮಾಡಿದರು. ಈಗ ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಸೋಲಾರ್ ಚೆನ್ನಾಗಿ ನಡೆಯುತ್ತಿದೆ. ಅದರ ಕರೆಂಟು ಹೊರಗೆ ಹೋಗುತ್ತದೆ. ತಪಾಸಣೆಗೆ ಅರ್ಜಿ ಹಾಕಿದ್ದೇವೆ.

ಉದ್ಘಾಟನೆಯಾದ ರಾತ್ರಿ ನನಗೆ ಊಟ ಸೇರಲಿಲ್ಲ. "ಎಲ್ಲಾ ನನ್ನಿಂದ ಆತು," ಎಂದೆ. "ಇದ್ದದ್ದೂ ಹೋತು."

ಹೆಂಡತಿ ನಗುತ್ತಿದ್ದಳು. ಬಹಳ ದಿನದ ಮೇಲೆ ನಕ್ಕಿದ್ದಳು.

"ಇರ್ಲಿ ಬಿಡ್ರೀ. ಸರಕಾರದಾವ್ರು ನಡುವ ಎದ್ದು ಹೋಗಲಾರದ ನಮ್ಮ ಮಾತು ಪೂರ್ತಿ ಕೇಳಿದ್ದು ಇದ ಮೊದ್ಲು."