ಉದ್ಘಾಟನಾ ಕತ್ತರಿಯಿಂದ ಬಟ್ಟೆ ಕತ್ತರಿಸುವುದನ್ನು ನಿಷೇಧಿಸುವ ಬಗ್ಗೆ

ಉತ್ತರ ವಲಯ ಶಿಕ್ಷಣ, ಉದ್ಯೋಗ ಮತ್ತು ಆರ್ಥಿಕ ಅಭಿವೃದ್ಧಿ ಇಲಾಖೆ
(ಮೂರೂ ಒಂದೇ ಕೊಠಡಿಯಲ್ಲಿ)

ಸಂಖ್ಯೆ: ಉವ/ಶಿಉಆ/ಕತ್ತರಿ/೪೧
ದಿನಾಂಕ: ಇದೇ ತಿಂಗಳ ೧೨, ಬುಧವಾರ, ಊಟದ ವಿರಾಮಕ್ಕೆ ಮುಂಚೆ

ಸುತ್ತೋಲೆ

ವಿಷಯ: ಹೊಲಿಗೆ ತರಬೇತಿ ವಿಭಾಗದ ಕತ್ತರಿಯನ್ನು ಹೊಲಿಗೆ ತರಬೇತಿಗೆ ಬಳಸದಿರುವ ಕುರಿತು.

ಉಲ್ಲೇಖ:
೧. ಮಾನ್ಯ ಉತ್ತರ ವಲಯ ಪ್ರತಿನಿಧಿಗಳ ಮೌಖಿಕ ಆದೇಶ (ವೇದಿಕೆಯ ಮೇಲಿನಿಂದ, ಮೈಕ್ ಚಾಲನೆಯಲ್ಲಿದ್ದಾಗ).
೨. ಹೊಲಿಗೆ ಶಿಕ್ಷಕಿಯವರ ನಾಲ್ಕು ಅರ್ಜಿಗಳು. ಮೂರನೆಯದು ಕಡತದಲ್ಲಿ ಸಿಕ್ಕಿಲ್ಲ. ಅದು ಎಲ್ಲಿ ಹೋಯಿತು ಎಂದು ನಾಲ್ಕನೆಯದರಲ್ಲಿ ಕೇಳಲಾಗಿದೆ.
೩. ಸಿದ್ಧ ಉಡುಪು ಕಾರ್ಖಾನೆಯ ಪತ್ರ.
೪. ಅಹವಾಲು ಸಭೆಯ ನಡವಳಿ.

ಪ್ರಸ್ತಾವನೆ:

ಮಾನ್ಯ ಪ್ರತಿನಿಧಿಗಳು ಅಧಿಕಾರ ವಹಿಸಿಕೊಂಡಾಗಿನಿಂದ ಉತ್ತರ ವಲಯದ ಶಿಕ್ಷಣ, ಉದ್ಯೋಗ ಮತ್ತು ಆರ್ಥಿಕ ಅಭಿವೃದ್ಧಿಗಾಗಿ ಟೊಂಕ ಕಟ್ಟಿ ನಿಂತಿರುವುದು ಎಲ್ಲರಿಗೂ ತಿಳಿದ ವಿಷಯ. ಅವರ ಶ್ರಮದ ಫಲವಾಗಿ ವಲಯಕ್ಕೆ ಒಂದು ಕಟ್ಟಡ ಬಂದಿದೆ. ಸದರಿ ಕಟ್ಟಡವನ್ನು ಪೂರ್ವದ ಬಾಗಿಲಿನಿಂದ ಪ್ರವೇಶಿಸಿದರೆ ಅದು ಶಿಕ್ಷಣ ಕೇಂದ್ರ, ಪಶ್ಚಿಮದ ಬಾಗಿಲಿನಿಂದ ಪ್ರವೇಶಿಸಿದರೆ ಉದ್ಯೋಗ ತರಬೇತಿ ಕೇಂದ್ರ, ಕಿಟಕಿಯಿಂದ ಇಣುಕಿದರೆ ಆರ್ಥಿಕ ಅಭಿವೃದ್ಧಿ ಕೇಂದ್ರ. ಮೂರನ್ನೂ ಬೇರೆ ಬೇರೆ ದಿನ ಉದ್ಘಾಟಿಸಲಾಗಿದೆ. ಕಿಟಕಿಗೆ ಏಣಿ ಬೇಕಾಯಿತು.

ಪಶ್ಚಿಮದ ಬಾಗಿಲಿನ ಉದ್ಘಾಟನೆಯಂದು ಇಲಾಖೆಯವರು ರಿಬ್ಬನ್ ತಂದು ಕತ್ತರಿ ಮರೆತಿದ್ದರು. ಎಲ್ಲರೂ ಪರಸ್ಪರ ಮುಖ ನೋಡಿಕೊಳ್ಳುತ್ತಿರುವಾಗ ಹೊಲಿಗೆ ಶಿಕ್ಷಕಿಯವರು ತಮ್ಮ ಚೀಲದಿಂದ ಹತ್ತು ಅಂಗುಲದ ಕತ್ತರಿಯನ್ನು ತೆಗೆದು, "ಐದು ನಿಮಿಷಕ್ಕೆ ತಗೊಳ್ಳಿ, ಆಮೇಲೆ ಕ್ಲಾಸಿದೆ" ಎಂದು ಕೊಟ್ಟರು. ಅದು ಅವರ ಸೋದರತ್ತೆ ಮೂವತ್ತು ವರ್ಷ ಬಳಸಿ, ಕಣ್ಣು ಮಂಜಾದ ಮೇಲೆ ಇವರ ಕೈಗಿತ್ತದ್ದು. ಮಾನ್ಯರು ರಿಬ್ಬನ್ನಿಗೆ ಕತ್ತರಿ ಇಟ್ಟರೋ ಇಲ್ಲವೋ, ರಿಬ್ಬನ್ ಎರಡು ತುಂಡಾಗಿ ಬಿತ್ತು. ಮಾನ್ಯರು ಬಹಳ ಖುಷಿಪಟ್ಟು, "ಕತ್ತರಿ ಅಂದ್ರೆ ಇದಪ್ಪ. ಇನ್ಮೇಲೆ ಎಲ್ಲಾ ಕಡೆ ಇದನ್ನೇ ತನ್ನಿ" ಎಂದರು. ಮೈಕ್ ಚಾಲನೆಯಲ್ಲಿದ್ದ ಕಾರಣ ಅದು ಆದೇಶವಾಯಿತು. ಅಂದಿನಿಂದ ಸದರಿ ಕತ್ತರಿ ಮಖಮಲ್ಲಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಈ ಕಚೇರಿಯ ಬೀರುವಿನಲ್ಲಿ ಇರುತ್ತದೆ. ಈವರೆಗೆ ನಲವತ್ತೊಂದು ಉದ್ಘಾಟನೆಗಳಾಗಿವೆ. ಐದು ನಿಮಿಷ ಇನ್ನೂ ಮುಗಿದಿಲ್ಲ.

ಶಿಕ್ಷಕಿಯವರು ಕೈಕಟ್ಟಿ ಕೂರಲಿಲ್ಲ. ಬೀದಿಯ ದರ್ಜಿಯೊಬ್ಬರಿಂದ ಇನ್ನೊಂದು ಕತ್ತರಿ ಎರವಲು ತಂದರು. ಅದನ್ನೂ "ಮೀಸಲು ಉದ್ಘಾಟನಾ ಕತ್ತರಿ" ಎಂದು ವಶಕ್ಕೆ ಪಡೆಯಲಾಯಿತು. ಈಗ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಅವರು ಬೀದಿಗೆ ಕಾಲಿಟ್ಟರೆ ಸಾಕು, ದರ್ಜಿಗಳೆಲ್ಲ ಕತ್ತರಿಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು "ಏನಕ್ಕಾ, ಆರಾಮಾ?" ಎನ್ನುತ್ತಾರೆ.

ಈ ಮಧ್ಯೆ ಉಲ್ಲೇಖ ಮೂರರ ಪತ್ರ ಬಂದಿದೆ. ನಾಳೆ, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಪರೀಕ್ಷೆ ಇದ್ದು, ತರಬೇತಿಯಲ್ಲಿರುವ ಇಪ್ಪತ್ತೆರಡು ಮಹಿಳೆಯರಲ್ಲಿ ಅಂಗಿಯ ಕಾಲರನ್ನು ಗೆರೆ ತಪ್ಪದೆ ಕತ್ತರಿಸಿದವರಿಗೆ ಅಲ್ಲಿಯೇ ಕೆಲಸ ಕೊಡಲಾಗುವುದು. ಕತ್ತರಿಯನ್ನು ತಾವೇ ತರಬೇಕು. ಒಂದೇ ಇದ್ದರೂ ಸರಿ, ಸರದಿಯಲ್ಲಿ ಬಳಸಬಹುದು. ಇಂತಹ ಅವಕಾಶ ಮತ್ತೆ ಮುಂದಿನ ವರ್ಷವೇ. ಅದೇ ಗುರುವಾರ ಅದೇ ಹತ್ತು ಗಂಟೆಗೆ ಮಾನ್ಯರು ನಿರುದ್ಯೋಗ ನಿವಾರಣಾ ಸಪ್ತಾಹವನ್ನು ಉದ್ಘಾಟಿಸಲಿರುವುದರಿಂದ ಕತ್ತರಿ ಬಿಡುವಾಗಿಲ್ಲ.

ನಿನ್ನೆಯ ಅಹವಾಲು ಸಭೆಯಲ್ಲಿ ಶಿಕ್ಷಕಿಯವರು ಹೀಗೆ ಹೇಳಿರುವುದು ನಡವಳಿಯಲ್ಲಿದೆ: "ಸಾರ್, ಈ ಹೆಣ್ಮಕ್ಕಳು ಒಂದು ವರ್ಷದಿಂದ ಮನೆ ಕೆಲಸ ಮುಗಿಸಿ ಓಡ್ಕೊಂಡ್ ಬರ್ತಿದಾರೆ. ಒಬ್ಬಳ ಗಂಡ ದಿನಾ ಕೇಳ್ತಾನಂತೆ, ಏನು ಕಲಿತೆ ತೋರ್ಸು ಅಂತ. ಅವಳು ಏನು ತೋರ್ಸಬೇಕು? ನನಗೆ ಕತ್ತರಿ ವಾಪಸ್ ಬೇಡ ಅಂತಲೇ ಇಟ್ಕೊಳ್ಳಿ. ನಾಳಿದ್ದು ಮಧ್ಯಾಹ್ನದ ತನಕ ಕೊಡಿ ಸಾಕು." ಉಪನಿರ್ದೇಶಕರು ಪರಿಶೀಲಿಸುವುದಾಗಿ ತಿಳಿಸಿದರು. ಆಗ ಸಹಪಾಠಿಗಳು ಪಟಾಕಿ ಎಂದು ಕರೆಯುವ ಹದಿನೇಳನೇ ಕ್ರಮಾಂಕದ ಅಭ್ಯರ್ಥಿ ಎದ್ದು ನಿಂತು, "ಸಾರ್, ನೀವು ಪರಿಶೀಲಿಸೋ ಹೊತ್ತಿಗೆ ನಮಗೆ ಮೊಮ್ಮಕ್ಕಳಾಗಿರ್ತವೆ, ಅವರ ಅಂಗಿಗಾದ್ರೂ ಸಿಗುತ್ತಾ?" ಎಂದು ಕೇಳಿದ್ದು, ಇಪ್ಪತ್ತೊಂದು ಮಂದಿ ನಕ್ಕಿದ್ದಾರೆ. ಶಿಕ್ಷಕಿಯವರು ನಕ್ಕಿಲ್ಲ. ಅವರು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಬೀರುವಿನ ಕಡೆ ನೋಡುತ್ತಿದ್ದರು.

ನಡವಳಿ ಬರೆದ ಕಡತ ನಿರ್ವಾಹಕರಿಗೆ ಇದರಿಂದ ಸಂಕಟವಾಗಿದೆ. ಸಂಕಟಕ್ಕೆ ನಮೂನೆಯಲ್ಲಿ ಪ್ರತ್ಯೇಕ ಅಂಕಣ ಇಲ್ಲದ ಕಾರಣ ಅದನ್ನು ಷರಾದಲ್ಲಿ ನಮೂದಿಸಲಾಗಿದೆ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ವಸ್ತುವನ್ನು ಇನ್ನು ಮುಂದೆ "ಉದ್ಘಾಟನಾ ಕತ್ತರಿ" ಎಂದೇ ಸಂಬೋಧಿಸತಕ್ಕದ್ದು. "ನನ್ನ ಕತ್ತರಿ", "ನಮ್ಮತ್ತೆ ಕತ್ತರಿ", "ಹಾಳಾದ್ದು ಕತ್ತರಿ" ಇತ್ಯಾದಿ ಪದಗಳನ್ನು ಅರ್ಜಿಗಳಲ್ಲಿ ಬಳಸತಕ್ಕದ್ದಲ್ಲ.

೨. ಕತ್ತರಿಯ ಹಿಡಿಗೆ ಸೋದರತ್ತೆಯವರು ಸುತ್ತಿದ ಕೆಂಪು ದಾರವಿದೆ ಎಂಬುದನ್ನು ಶಿಕ್ಷಕಿಯವರು ಮಾಲೀಕತ್ವದ ಗುರುತಾಗಿ ತೋರಿಸಿರುತ್ತಾರೆ. ದಾರ ಕೆಂಪಾಗಿದೆ, ರಿಬ್ಬನ್ನೂ ಕೆಂಪಾಗಿದೆ. ಆದುದರಿಂದ ದಾರವು ರಿಬ್ಬನ್ನಿನ ಅವಶೇಷವೆಂದು ತೀರ್ಮಾನಿಸಲಾಗಿದೆ.

೩. ಬಟ್ಟೆ ಕತ್ತರಿಸಿದರೆ ಕತ್ತರಿ ಮೊಂಡಾಗುತ್ತದೆ. ರಿಬ್ಬನ್ ಕೂಡ ಬಟ್ಟೆಯೇ ಎಂಬ ಆಕ್ಷೇಪಣೆ ಬಂದಿದೆ. ಮಾನ್ಯರ ಮುಂದೆ ಕಟ್ಟಿದ ಕ್ಷಣದಿಂದ ಅದು ಬಟ್ಟೆಯಲ್ಲ, ಶಿಷ್ಟಾಚಾರ.

೪. ತರಬೇತಿ ನಿಲ್ಲಬಾರದೆಂಬ ಸದುದ್ದೇಶದಿಂದ, ಅಭ್ಯರ್ಥಿಗಳು ಬಲಗೈಯ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಕತ್ತರಿಯಂತೆ ಆಡಿಸಿ ಕತ್ತರಿಸುವುದನ್ನು ಕಲಿಯತಕ್ಕದ್ದು. ಎಡಗೈಯವರು ಪೂರ್ವಾನುಮತಿ ಪಡೆಯತಕ್ಕದ್ದು. ಬಾಯಿಂದ "ಕಚ್ ಕಚ್" ಎಂಬ ಶಬ್ದ ಮಾಡಬಹುದು. ಆದರೆ ಪೂರ್ವದ ಬಾಗಿಲು ತೆರೆದಿರುವಾಗ ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿ ಶಬ್ದ ಮಾಡಬಾರದು. ಮಗ್ಗಿ ಹೇಳುವ ಮಕ್ಕಳಿಗೆ ಲೆಕ್ಕ ತಪ್ಪುತ್ತದೆ.

೫. ಹೀಗೆ ಬೆರಳಿನಿಂದ ಕತ್ತರಿಸಿದ ಬಟ್ಟೆಯನ್ನು ಎರಡು ತುಂಡಾಗಿದೆಯೆಂದು ಭಾವಿಸತಕ್ಕದ್ದು. ಭಾವಿಸಿದ ತುಂಡುಗಳನ್ನು ಸೇರಿಸಿ ಹೊಲಿದಾಗ ಬಟ್ಟೆ ಮೊದಲಿನಂತೆಯೇ ಇರುವುದರಿಂದ ಒಂದು ಇಂಚೂ ವ್ಯರ್ಥವಾಗುವುದಿಲ್ಲ. ಈ ಉಳಿತಾಯವನ್ನು ವಾರ್ಷಿಕ ವರದಿಯಲ್ಲಿ ಆರ್ಥಿಕ ಅಭಿವೃದ್ಧಿ ಎಂದು ತೋರಿಸಲಾಗಿದೆ.

೬. ಕತ್ತರಿಯನ್ನು ಎರವಲು ಬಯಸುವವರು, ಸದರಿ ಅವಧಿಯಲ್ಲಿ ಉತ್ತರ ವಲಯದ ಯಾವ ಮೂಲೆಯಲ್ಲೂ ಉದ್ಘಾಟನೆ ಇಲ್ಲವೆಂಬ ಪ್ರಮಾಣಪತ್ರವನ್ನು ಮಾನ್ಯರಿಂದಲೇ ಪಡೆದು ಲಗತ್ತಿಸತಕ್ಕದ್ದು. ಮಾನ್ಯರು ಉದ್ಘಾಟನೆ ಇಲ್ಲದ ವೇಳೆಯಲ್ಲಿ ಮಾತ್ರ ಪ್ರಮಾಣಪತ್ರಗಳಿಗೆ ಸಹಿ ಮಾಡುತ್ತಾರೆ. ಅಂತಹ ವೇಳೆ ಕಳೆದ ವರ್ಷ ಒಮ್ಮೆ ಬಂದಿತ್ತು. ಅಂದು ಮಾನ್ಯರಿಗೆ ಹಲ್ಲುನೋವಿತ್ತು.

೭. ಹದಿನೇಳನೇ ಕ್ರಮಾಂಕದ ಅಭ್ಯರ್ಥಿಯ ಮೊಮ್ಮಕ್ಕಳ ವಿಷಯವನ್ನು ಅವರು ಹುಟ್ಟಿದ ಮೇಲೆ ಪರಿಗಣಿಸಲಾಗುವುದು. ಇಪ್ಪತ್ತೊಂದು ನಗುಗಳನ್ನು ಕಡತದಿಂದ ತೆಗೆದುಹಾಕಲು ಆದೇಶವಾಗಿದ್ದು, ತೆಗೆಯಲು ಹೋದಾಗ ಕಡತ ನಿರ್ವಾಹಕರದೂ ಒಂದು ಸೇರಿ ಇಪ್ಪತ್ತೆರಡಾಗಿದೆ.

೮. ಕಾರ್ಖಾನೆಯವರು ನಾಳೆಯ ಪರೀಕ್ಷೆಯನ್ನು ಕಂಡಿಕೆ ನಾಲ್ಕರಂತೆ ಬೆರಳಿನಲ್ಲೇ ನಡೆಸುವಂತೆ ಕೋರಲಾಗಿದೆ. ಒಪ್ಪದಿದ್ದಲ್ಲಿ ಇಪ್ಪತ್ತೆರಡೂ ಅಭ್ಯರ್ಥಿಗಳು ಪರೀಕ್ಷೆಯ ಬದಲು ನಿರುದ್ಯೋಗ ನಿವಾರಣಾ ಸಪ್ತಾಹಕ್ಕೆ ಹಾಜರಾಗಿ ಎರಡನೇ ಸಾಲಿನಲ್ಲಿ ಕೂರತಕ್ಕದ್ದು. ಸಪ್ತಾಹ ಚೆನ್ನಾಗಿ ನಡೆಯಲು ನಿರುದ್ಯೋಗಿಗಳ ಕೊರತೆ ಆಗದಂತೆ ನೋಡಿಕೊಳ್ಳುವುದು ಎಲ್ಲರ ಜವಾಬ್ದಾರಿ.

೯. ಉದ್ಘಾಟನಾ ಕತ್ತರಿಯ ಪೆಟ್ಟಿಗೆಗೆ ಇಂದೇ ಅರಗಿನ ಮುದ್ರೆ ಹಾಕಲಾಗಿದೆ. ವೇದಿಕೆಯ ಮೇಲೆ ಮಾನ್ಯರ ಹಸ್ತದಿಂದಲ್ಲದೆ ಅದನ್ನು ಯಾರೂ ತೆರೆಯಬಾರದು, ಎತ್ತಿ ತೂಕ ನೋಡಬಾರದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬಾರದು.

೧೦. ಮೇಲ್ಕಂಡ ಸೂಚನೆಗಳು ತಕ್ಷಣದಿಂದ ಜಾರಿಗೆ ಬರುತ್ತವೆ. ಉಲ್ಲಂಘಿಸಿದವರ ಮೇಲೆ ಯಾವ ಕ್ರಮ ಕೈಗೊಳ್ಳಬೇಕೆಂಬುದನ್ನು ನಿರ್ಧರಿಸುವ ಸಮಿತಿಯ ಉದ್ಘಾಟನೆ ಇನ್ನೂ ಆಗಿಲ್ಲ.

ಸಹಿ/-
ಉಪನಿರ್ದೇಶಕರು
(ಮೊದಲನೇ ಪುಟ ಓದಿ, ಉಳಿದವಕ್ಕೆ ನಂಬಿಕೆಯ ಮೇಲೆ)

ಕರಡು ತಯಾರಿಸಿದವರು: ಕಡತ ನಿರ್ವಾಹಕರು
ಹೋಲಿಸಿ ನೋಡಿದವರು: ಅವರೇ
ಮುದ್ರೆ ಹಾಕಿದವರು: ಅವರೇ

ಪ್ರತಿಗಳು:
೧. ಮಾನ್ಯ ಪ್ರತಿನಿಧಿಗಳ ಆಪ್ತ ಸಹಾಯಕರಿಗೆ, ಮುದ್ರೆ ಹಾಕಿದ ಪೆಟ್ಟಿಗೆಯೊಂದಿಗೆ.
೨. ಸಿದ್ಧ ಉಡುಪು ಕಾರ್ಖಾನೆಯ ವ್ಯವಸ್ಥಾಪಕರಿಗೆ, ಸಾಮಾನ್ಯ ಅಂಚೆ ಮೂಲಕ. ಸೋಮವಾರ ತಲುಪಬಹುದು.
೩. ಬೀದಿಯ ದರ್ಜಿಗಳಿಗೆ, ತೊಡೆಯ ಕೆಳಗಿನಿಂದ ಕತ್ತರಿ ತೆಗೆದು ಕೆಲಸ ಮುಂದುವರಿಸುವಂತೆ.
೪. ಸೂಚನಾ ಫಲಕಕ್ಕೆ. ಹಳೆಯ ಸುತ್ತೋಲೆಗಳಿಂದ ಫಲಕ ತುಂಬಿರುವುದರಿಂದ ಫಲಕದ ಪಕ್ಕದ ಗೋಡೆಗೆ.
೫. ಹೊಲಿಗೆ ಶಿಕ್ಷಕಿಯವರಿಗೆ, ಮುದ್ದಾಂ ಮೂಲಕ, ಇಂದು ಸಂಜೆ ಐದರೊಳಗೆ, ಕಡತ ನಿರ್ವಾಹಕರು ಖುದ್ದಾಗಿ ಮನೆಗೆ ಹೋಗಿ. ಅಡಕ: ಹತ್ತು ಅಂಗುಲದ ಕತ್ತರಿ, ಒಂದು. ಸಾಣೆ ಹಿಡಿಸಿದೆ.
೬. ಕಚೇರಿ ಪ್ರತಿ, ಅಡಕವಿಲ್ಲದೆ.